ಮಾಸ್ಟ್ರ ಗಂಡಿ

30 ನವೆಂಬರ್ 1957, ಶನಿವಾರ. ಮೂಡಬಿದ್ರೆ

ಬೆಳಿಗ್ಗೆ ಡ್ರಿಲ್. ಒಂಬತ್ತನೇ ಕ್ಲಾಸಿನವನೊಬ್ಬ ಸಾಲಿನಲ್ಲಿ ನಿಂತು ನಕ್ಕ. ಬೆತ್ತ ಮುರಿಯಿತು. ಹೆಡ್ಮಾಸ್ಟ್ರು ಕರೆದು, ಸುಬ್ಬಯ್ಯ ಶೆಟ್ರೇ, ಇದು ಬರ್ಮಾ ಅಲ್ಲ, ಹೈಸ್ಕೂಲು ಎಂದರು. ಅವರು ಹೇಳಿದ್ದು ಸರಿ. ಸರಿ ಎಂದು ಗೊತ್ತಾದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಮಿಲಿಟರಿಯವರು ನನ್ನನ್ನು ಡಿಸ್ಚಾರ್ಜ್ ಮಾಡಿದರು, ನನ್ನ ಕೋಪವನ್ನು ಮಾಡಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಚಾರ್ಮಾಡಿ. ತಂಗಿ ಕಾಂತಿಯನ್ನು ಕೊಟ್ಟ ಮನೆ ಅಲ್ಲೇ, ಘಾಟಿಯ ಬುಡದಲ್ಲಿ. ಅವಳನ್ನು ನೋಡಿದ ಹಾಗೂ ಆಯಿತು, ಗುಡ್ಡ ಹತ್ತಿದ ಹಾಗೂ ಆಯಿತು. ಮೋಟಾರು ರಸ್ತೆ ಆಗುವ ಮೊದಲು ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಜನ ಘಟ್ಟ ಹತ್ತುತ್ತಿದ್ದ ಗಂಡಿಗಳು ಇನ್ನೂ ಇವೆ. ಎರಡು ಗುಡ್ಡದ ನಡುವಿನ ಆ ಸಂದುಗಳನ್ನು ಒಂದೂ ಬಿಡದೆ ಹತ್ತಿ ನೋಡಬೇಕೆಂದು ಈ ಸಲ ಮಳೆ ಬಿಟ್ಟಾಗಿನಿಂದ ಹಠ. ಹತ್ತಿದರೆ ಕೋಪ ಇಳಿಯುತ್ತದೆ. ಬೇರೆ ಮದ್ದು ಸಿಕ್ಕಿಲ್ಲ.

1 ಡಿಸೆಂಬರ್, ಚಾರ್ಮಾಡಿ

ಕುದುರೆ ಗಂಡಿ ಹತ್ತಿ ಬಂದೆ. ದಾರಿ ತೋರಿಸಲು ಹುಕ್ರಪ್ಪ — ಭಾವನ ಒಕ್ಕಲು, ಊರಿನ ಬೇಟೆಗೆಲ್ಲ ಅವನೇ ಹಿರಿಯ.

ಏನು ಚೆಂದ! ಮೇಲೆ ಮುಟ್ಟುವಾಗ ಕೆಳಗೆ ಪೂರಾ ಮಂಜು. ಕೂತು ಅವಲಕ್ಕಿ ತಿನ್ನುತ್ತಿದ್ದ ಹಾಗೆ ಮಂಜು ಹರಿದು ಮೊದಲು ಕಾಡು ಕಂಡಿತು, ಆಮೇಲೆ ಗದ್ದೆ, ಆಮೇಲೆ ದೂರದಲ್ಲಿ ಹೊಳೆಯ ಹೊಳಪು. ಬೆನ್ನ ಹಿಂದೆ ಘಟ್ಟದ ಮೇಲಿನ ಹುಲ್ಲುಗುಡ್ಡ, ತಂಪು ಗಾಳಿ. ತಡೆಯಲಾಗದೆ ಎದ್ದು ನಿಂತು ಗಂಟಲು ಬಿಟ್ಟು ‘ಅಟೆನ್ಶನ್’ ಎಂದೆ. ಎದುರಿನ ಗುಡ್ಡ ಅದನ್ನೇ ತಿರುಗಿ ನನಗೆ ಹೇಳಿತು. ಹುಕ್ರಪ್ಪ ನಕ್ಕು, ಈ ಸ್ವರ ಬೇಟೆಗೆ ಬೇಕಿತ್ತು ಎಂದ.

ಇಳಿದು ಬಂದರೆ ಕಾಂತಿಯ ತುಟಿ ಒಡೆದಿದೆ. ದನದ ಹಟ್ಟಿಯಲ್ಲಿ ಜಾರಿ ಬಿದ್ದೆ ಎಂದಳು. ಹಟ್ಟಿಯಲ್ಲಿ ಬಿದ್ದರೆ ತುಟಿ ಒಡೆಯಬಹುದು, ಕುತ್ತಿಗೆಯಲ್ಲಿ ಬೆರಳಿನ ಗುರುತು ಮೂಡುವುದಿಲ್ಲ. ಭಾವ ಶಂಭು ಜಗಲಿಯಲ್ಲಿ ಕೂತು ಕೋವಿಗೆ ಎಣ್ಣೆ ಹಾಕುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಹಿಂದೆ ನಿಂತು ಅವಳು ಬೇಡ ಎಂದು ತಲೆಯಾಡಿಸಿದಳು. ಕಾಫಿ ಕುಡಿದು ಬಸ್ಸು ಹತ್ತಿದೆ. ಕುಡಿದ ಕಾಫಿ ಮೂಡಬಿದ್ರೆಯ ತನಕ ಕಹಿ.

15 ಡಿಸೆಂಬರ್, ಭಾನುವಾರ

ನೀರು ಗಂಡಿ, ಬಿದಿರು ಗಂಡಿ ಎರಡೂ ಹೋದ ವಾರ ಆದವು. ಇವತ್ತು ಯಾರೂ ಹೇಳದ ಒಂದು ಸಿಕ್ಕಿತು. ಕುದುರೆ ಗಂಡಿಗೂ ನೀರು ಗಂಡಿಗೂ ನಡುವೆ, ಒಂದಕ್ಕೊಂದು ಒರಗಿ ನಿಂತ ಎರಡು ಕಲ್ಲು. ಕೆಳಗಿನಿಂದ ನೋಡಿದರೆ ಮುಚ್ಚಿದ ಬಾಗಿಲು. ಹಂದಿಯ ಹೆಜ್ಜೆ ಹಿಡಿದು ಹೋದರೆ ಹಿಂದೆ ಚೊಕ್ಕ ದಾರಿ, ಅಲ್ಲಲ್ಲಿ ಹಳೆಯ ಕಲ್ಲುಹಾಸು. ಹೆಂಗಸರೂ ಹತ್ತಬಹುದು. ಕೊನೆಗೆ ನೆಟ್ಟಗೆ ಘಾಟಿ ರಸ್ತೆಯ ತಿರುವಿಗೇ ಹೋಗಿ ಮುಟ್ಟಿದೆ.

ಹುಕ್ರಪ್ಪನಿಗೆ ಅದು ಮೊದಲೇ ಗೊತ್ತಿತ್ತು. ಮುಖ ಸಣ್ಣ ಮಾಡಿ ಹೇಳಿದ, “ಇದಕ್ಕೆ ಹೆಸರಿಲ್ಲ ಮಾಸ್ಟ್ರೆ. ಇಲ್ಲಿ ಕೋವಿ ಇಡುವ ಕ್ರಮ ಇಲ್ಲ. ಹಂದಿಗೂ ಒಂದು ದಾರಿ ಬೇಕಲ್ಲ.” ಬೇಟೆಗೆ ಮೂರು ಗಂಡಿ ಕಟ್ಟುತ್ತಾರೆ, ಒಂದನ್ನು ಬಿಡುತ್ತಾರೆ. ಅವನ ಅಜ್ಜನ ಕಾಲದಿಂದ ಹಾಗೇ. ಕೋವಿ ಹಿಡಿಯುವ ಧನಿಗಳಿಗೆ ಮಾತ್ರ ಅದನ್ನು ಹೇಳುವುದಿಲ್ಲ. ನೀವೂ ಹೇಳಬೇಡಿ ಎಂದ. ಆಯಿತು ಎಂದೆ.

ಸಂಜೆ ಬಾವಿಕಟ್ಟೆಯಲ್ಲಿ ಕಾಂತಿ ಬೆನ್ನು ತೋರಿಸಿದಳು. ಕೋವಿಗೆ ಮದ್ದು ಜಡಿಯುವ ಕಬ್ಬಿಣದ ಸರಳಿನಿಂದ ಹೊಡೆಯುತ್ತಾನಂತೆ. ಸಾರಿಗೆ ಉಪ್ಪು ಕಮ್ಮಿಯಾದರೆ, ನಾಯಿ ಬೊಗಳಿದರೆ, ಮಕ್ಕಳಾಗಲಿಲ್ಲವೆಂದು ನೆನಪಾದರೆ. ಹಳೆಯ ಬರೆಯ ಮೇಲೆ ಹೊಸ ಬರೆ. ಅಳಲಿಲ್ಲ ಅವಳು. ಅಂಗಡಿ ಸಾಮಾನು ಹೇಳುವ ಸ್ವರದಲ್ಲೇ ಹೇಳಿದಳು — “ಅಣ್ಣ, ಕರಕೊಂಡು ಹೋಗು. ಇಲ್ಲದಿದ್ರೆ ಇವರು ನನ್ನನ್ನು ಕೊಲ್ತಾರೆ.”

ನಮ್ಮದು ಅಳಿಯಕಟ್ಟು, ಮನೆ ಆಸ್ತಿ ಹೆಣ್ಣಿನ ಸಾಲಿಗೆ. ಗಂಡನನ್ನು ಬಿಟ್ಟು ಬಂದ ಹೆಣ್ಣಿಗೆ ಬಾಗಿಲು ಮುಚ್ಚುವ ಮನೆತನ ಅಲ್ಲ. ನಾವು ಹುಟ್ಟಿದ ನರಿಕೊಂಬಿನ ಮನೆ ಅವಳದ್ದೇ. ಅಡ್ಡ ಇರುವುದು ಒಂದೇ, ಶಂಭುವಿನ ಕೋವಿ.

24 ಡಿಸೆಂಬರ್

ಕ್ರಿಸ್ಮಸ್ ರಜೆ. ಕಾಂತಿಯನ್ನು ಕರೆತರಲು ಹೊರಟೆ. ಹಾಡುಹಗಲಿನಲ್ಲೇ, ಬಸ್ಸಿನಲ್ಲೇ. ತಂಗಿಯನ್ನು ತವರಿಗೆ ತರಲು ಕಳ್ಳತನ ಯಾಕೆ?

6 ಜನವರಿ 1958, ಬಂಟ್ವಾಳ ಆಸ್ಪತ್ರೆ

ಪೆನ್ನು ಹಿಡಿಯಲು ಇವತ್ತು ಆಗುತ್ತಿದೆ.

ಬಸ್ಸು ಉಜಿರೆ ಮುಟ್ಟಲಿಲ್ಲ. ಶಂಭು ಒಳದಾರಿಯಲ್ಲಿ ಬಂದು ತಿರುವಿನಲ್ಲಿ ರಸ್ತೆಯ ನಡುವೆ ನಿಂತಿದ್ದ, ಕೋವಿ ಹಿಡಿದು. ಜೊತೆಗೆ ಮೂರು ಆಳು. ಡ್ರೈವರ್ ಬ್ರೇಕ್ ಹಾಕಿದ. ಕಾಂತಿಯ ಜುಟ್ಟು ಹಿಡಿದು ಮೆಟ್ಟಿಲ ಮೇಲಿಂದ ಎಳೆದ. ತಲೆ ಫುಟ್‌ಬೋರ್ಡಿಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ನಾನು ಹಾರಿ ಇಳಿದು ಒಬ್ಬನ ಮೂಗು ಮುರಿದೆ. ಮುರಿದದ್ದು ನಿಜ. ಆಮೇಲೆ ಕೋವಿಯ ಹಿಡಿ ಬಾಯಿಗೆ ಬಂತು. ಎರಡು ಹಲ್ಲು. ಬಿದ್ದ ನನ್ನ ಬಲಗೈ ಮೇಲೆ ಮೆಟ್ಟು ಹಾಕಿದ ಕಾಲು ಇಟ್ಟು ತಿರುಗಿಸಿದ, ಬೀಡಿ ನಂದಿಸುವ ಹಾಗೆ.

ಬಗ್ಗಿ ಮೆಲ್ಲಗೆ ಹೇಳಿದ, “ಭಾವಾ, ಈ ಸಲ ಕೋವಿಯ ಹಿಡಿ. ಇನ್ನೊಮ್ಮೆ ಇವಳು ಗಡಿ ದಾಟಿದ್ರೆ ನಳಿಗೆಯೇ ತಿರುಗಿಸ್ತೇನೆ, ಅವಳ ಕಡೆ.”

ಬಸ್ಸು ತುಂಬ ಜನ. ಕಿಟಕಿ ತುಂಬ ತಲೆ. ಒಬ್ಬನೂ ಇಳಿಯಲಿಲ್ಲ. ಕಂಡಕ್ಟರ್ ರೈಟ್ ಎಂದ, ಬಸ್ಸು ಹೋಯಿತು. ಪೊಲೀಸರಿಗೆ ದೂರು ಕೊಟ್ಟರೆ, ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನನಗೇ ಗಾದೆ ಹೇಳಿ ಕಳಿಸಿದರು. ನನಗೆ ಕೊಲ್ಲಬೇಕು ಅನಿಸುತ್ತಿದೆ. ಬರೆದಿಟ್ಟರೆ ಕಮ್ಮಿಯಾದೀತು ಎಂದು ಬರೆದೆ. ಕಮ್ಮಿಯಾಗಲಿಲ್ಲ.

12 ಜನವರಿ, ನರಿಕೊಂಬು

ಶೀನಪ್ಪ ಮಾವ ರಾಜಿ ಮಾಡಿಸಿದರು. ಮನೆಯ ಯಜಮಾನರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರು. ಶಂಭು ಬಿಳಿ ಅಂಗಿ ಹಾಕಿಕೊಂಡು ಕದಳಿ ಬಾಳೆಗೊನೆ ಹೊರಿಸಿಕೊಂಡು ಬಂದ. ಮಾವನ ಕಾಲು ಮುಟ್ಟಿದ. ಕಾಂತಿಯನ್ನು ತರಲಿಲ್ಲ, ಜ್ವರವಂತೆ. ಒಂದೇ ಪಂಕ್ತಿಯಲ್ಲಿ ಕೂತು ಉಂಡೆವು. ರಾಜಿಯ ಗುರುತಿಗೆ ನಾನು ಬರುವ ತಿಂಗಳ ಕೆಡ್ಡಸ ಹಬ್ಬದ ಬೇಟೆಗೆ ಹೋಗಬೇಕು ಎಂದಾಯಿತು. ಹೆಂಡತಿಯ ಅಣ್ಣ ಬೇಟೆಗೆ ನಿಂತರೆ ಮನೆಗೆ ಮರ್ಯಾದೆ ಎಂದು ಅವನೇ ಕರೆದ.

ಬರುತ್ತೇನೆ ಎಂದೆ. ತಲೆ ತಗ್ಗಿಸಿ ಮೀನಿನ ಗಸಿ ಕಲಸಿದೆ, ಹಲ್ಲಿಲ್ಲದ ಕಡೆ ಉರಿಯಿತು. ಸುಬ್ಬಯ್ಯನ ಕೋಪ ಇಳಿಯಿತು ಎಂದು ಮಾವ ಖುಷಿಪಟ್ಟರು. ಅನ್ನದ ಮೇಲೆ ನನಗೆ ಕಾಣುತ್ತಿದ್ದದ್ದು ಒರಗಿ ನಿಂತ ಎರಡು ಕಲ್ಲು.

26 ಜನವರಿ, ಪುಂಜಾಲಕಟ್ಟೆ

ಬೆಳಿಗ್ಗೆ ಪರೇಡ್, ಬಾವುಟ, ಲಾಡು. ಮಧ್ಯಾಹ್ನ ಇಲ್ಲಿಗೆ ಬಂದು ಅಬ್ದುಲ್ ರಹಿಮಾನನನ್ನು ಹಿಡಿದೆ. ಬರ್ಮಾದಲ್ಲಿ ಒಂದೇ ಕಂಪೆನಿಯಲ್ಲಿ ಲಾರಿ ಬಿಟ್ಟವರು ನಾವು. ಈಗ ಮರದ ಲಾರಿ ಬಿಡುತ್ತಾನೆ, ಘಾಟಿ ಅವನಿಗೆ ಮನೆಯಂಗಳ.

ನಡು ಕೆಡ್ಡಸದ ದಿನ ಊರಿನ ಗಂಡಸರೆಲ್ಲ ಬೇಟೆಗೆ. ಕಾಂತಿ ಹಿತ್ತಲಿನಿಂದ ಹೊರಟು ಹೆಸರಿಲ್ಲದ ಗಂಡಿ ಹತ್ತುತ್ತಾಳೆ. ಮೇಲಿನ ತಿರುವಿನಲ್ಲಿ ಇವನು ಬಾನೆಟ್ ಎತ್ತಿ, ರೇಡಿಯೇಟರ್ ಕುದಿಯಿತೆಂದು ನಿಂತಿರುತ್ತಾನೆ. ಅಲ್ಲಿಂದ ಚಿಕ್ಕಮಗಳೂರು. ಅವಳ ಜೊತೆ ನರಿಕೊಂಬಿನಲ್ಲಿ ಕಲಿತ ಸ್ವರ್ಣಲತಾ ಅಲ್ಲಿ ನರ್ಸು, ಇಟ್ಟುಕೊಳ್ಳಲು ಒಪ್ಪಿದ್ದಾಳೆ.

ಅವನು ಕೇಳಿದ್ದು ಒಂದೇ, ಕೋವಿ ಬಂದರೆ ಏನು ಮಾಡುವ ಎಂದು. ಬರುವುದಿಲ್ಲ ಎಂದೆ. ಕೋವಿ ಮೂರು, ಗಂಡಿ ಮೂರು. ಕೂತವರು ಏಳುವ ಹಾಗಿಲ್ಲ. ಸರಿ ಮಾರಾಯ ಎಂದು ಚಾ ತರಿಸಿದ.

9 ಫೆಬ್ರವರಿ, ಚಾರ್ಮಾಡಿ

ಬಾವಿಕಟ್ಟೆಯಲ್ಲಿ ಕಾಂತಿಗೆ ಎಲ್ಲ ಹೇಳಿದೆ. ಬೇಟೆಯ ಡೋಲಿನ ಸದ್ದು ತೋಡಿನ ನೀರು ದಾಟಿದ ಕೂಡಲೇ ಹೊರಡಬೇಕು. ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುವ ದಿನ, ನೆಲ ಅಗೆಯಬಾರದು, ಹಸಿ ಕಡಿಯಬಾರದು. ಹೆಂಗಸರಿಗೂ ವಿರಾಮ. ಅವಳೆಲ್ಲಿ ಎಂದು ಯಾರೂ ಹುಡುಕುವುದಿಲ್ಲ. ಹೆದರಿಕೆ ಉಂಟಾ ಎಂದು ಕೇಳಿದೆ. ನಕ್ಕಳು. ಸಣ್ಣವಳಿದ್ದಾಗ ರಜೆಗೆ ಬಂದ ನಾನು ಅಂಗಳದಲ್ಲಿ ಅವಳಿಗೂ ಡ್ರಿಲ್ ಮಾಡಿಸುತ್ತಿದ್ದೆ. ಡೌನ್ ಎಂದರೆ ಸಾಕು, ಕೆಸರೋ ಸೆಗಣಿಯೋ ನೋಡದೆ ಬೋರಲು ಬೀಳುತ್ತಿದ್ದಳು. ಅದನ್ನು ನೆನಪಿಸಿ, “ನೀನು ಹೇಳಿದ ಹಾಗೆ ಮಾಡಿ ಅಭ್ಯಾಸ ಉಂಟಲ್ಲ ಅಣ್ಣ” ಎಂದಳು. ಎಡಗೈಯ ಎರಡು ಬೆರಳು ಮಡಚಲು ಬರುವುದಿಲ್ಲ ಅವಳಿಗೆ ಈಗ.

ಹುಕ್ರಪ್ಪ ಬೇಟೆಯ ಕ್ರಮ ಹೇಳಿಕೊಟ್ಟ. ಸೋವಿನವರು ಕೆಳಗಿನಿಂದ ಡೋಲು ಬಡಿದು ಪ್ರಾಣಿ ಎಬ್ಬಿಸುವುದು. ಗಂಡಿಯಲ್ಲಿ ಕೂತವನು ಕೊಂಬು ಊದುವ ತನಕ ಜಾಗ ಬಿಡಬಾರದು, ನಡುವೆ ಅಲುಗಿದ್ದಕ್ಕೆಲ್ಲ ಈಡು ಬೀಳುತ್ತದೆ. ಈಡು ಹಾರಿಸಿ ಪ್ರಾಣಿ ಬಿದ್ದರೆ ಒಂದು ಉದ್ದ ಕೂ. ಕೂ ಬಾರದಿದ್ದರೆ ಮನುಷ್ಯನಿಗೆ ಏನೋ ಆಯಿತು ಎಂದು ಎಲ್ಲರೂ ಅಲ್ಲಿಗೆ ಓಡುತ್ತಾರೆ. ಕೂ ಹಾಕಿದವನನ್ನೂ ಆಗಾಗ ಕೂಗಿ ಕೇಳುತ್ತಾರೆ, ಗಾಯದ ಹಂದಿ ತಿರುಗಿ ಬೀಳುವುದುಂಟು. ಅವನು ಓ ಎನ್ನಬೇಕು. ಶಂಭುವಿನ ಕೂ ಇಡೀ ಊರಿಗೆ ಗೊತ್ತು — ಉದ್ದಕ್ಕೆ ಹೋಗಿ ಕೊನೆಗೆ ಮೇಲೆದ್ದು ಪಟ್ಟನೆ ಕಡಿಯುತ್ತದೆ. ಹುಕ್ರಪ್ಪ ಮಾಡಿ ತೋರಿಸಿದ, ನಾನೂ ಮಾಡಿದೆ. ನಿಮ್ಮದೇ ಹೆಚ್ಚು ಸರಿಯಾಯಿತು ಎಂದ.

10 ಫೆಬ್ರವರಿ, ಕೆಡ್ಡಸ ಸುರು

ನನ್ನ ನಾಲಗೆಯನ್ನು ಕತ್ತರಿಸಿ ನಾಯಿಗೆ ಹಾಕಬೇಕು.

ಸಂಜೆ ಅಂಗಳದಲ್ಲಿ ಬೇಟೆಯವರೆಲ್ಲ ಸೇರಿದ್ದರು. ನನ್ನೇರಿ ಹಂಚಿದರು, ಹುರಿದ ಅಕ್ಕಿಹುಡಿ, ಬೆಲ್ಲ, ಎಳ್ಳು. ಶಂಭು ಎಲ್ಲರಿಗೆ ಕೇಳುವ ಹಾಗೆ, ಭಾವನಿಗೆ ಹುಡಿಯೇ ಲಾಯಕ್ಕು, ಜಗಿಯಲು ಹಲ್ಲು ಬೇಡ ಎಂದ. ನಕ್ಕರು. ಸಹಿಸಿದೆ. ಸೂಟಿಯಲ್ಲೆಲ್ಲ ಗುಡ್ಡ ಸುತ್ತಿ ಭಾವ ಏನು ಕಂಡುಹಿಡಿದರು, ಸಗಣಿಯಾ ಎಂದ. ಸಹಿಸಿದೆ. ಆಗ ಕಾಂತಿ ನೀರು ತಂದಳು. ಚೊಂಬು ಸ್ವಲ್ಪ ತುಳುಕಿತು. ಎಲ್ಲರ ಎದುರು ಅವಳ ಕೆನ್ನೆಗೆ ಬಿಟ್ಟು, ನನ್ನ ಮುಖ ನೋಡಿ ನಕ್ಕ.

ಎದ್ದು ಹೊಡೆಯಬಾರದು, ನಾಳೆ ಉಂಟು ಎಂದು ಕೈ ಬಿಗಿಹಿಡಿದೆ. ಕೈ ಹಿಡಿದರೆ ಬಾಯಿ ಬಿಟ್ಟಿತು. “ಮೂರು ಗಂಡಿ ಕಾಯುವ ಗಂಡಸು. ನಾಲ್ಕನೆಯದರಲ್ಲಿ ಹಂದಿ ಹೋಗುವುದು ನಿನಗೆ ಗೊತ್ತುಂಟಾ?” ಎಂದುಬಿಟ್ಟೆ.

ಹುಕ್ರಪ್ಪ ನೆಲ ನೋಡಿದ. ಶಂಭು ಸಿಟ್ಟಾಗಲಿಲ್ಲ. ಓಹೋ ಎಂದ, ಹುಕ್ರಪ್ಪನನ್ನು ಒಳಗೆ ಕರೆದ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ — ಅಮ್ಮ ನನಗೆಂದೇ ಹೇಳುತ್ತಿದ್ದ ಗಾದೆ. ಆದರೂ ಕೋವಿ ಇರುವುದು ಮೂರೇ. ಮೂರು ಕೋವಿಗೆ ಮೂರು ಗಂಡಿ. ಅದನ್ನೇ ಹೇಳಿಕೊಳ್ಳುತ್ತ ಇದ್ದೇನೆ. ಕಾಂತಿಗೆ ಬೇಡ ಎನ್ನೋಣವೆಂದರೆ ಅವಳನ್ನು ಒಳಗೆ ಹಾಕಿ ಬಾಗಿಲಲ್ಲೇ ಚಾಪೆ ಹಾಕಿಕೊಂಡಿದ್ದಾನೆ.

11 ಫೆಬ್ರವರಿ, ನಡು ಕೆಡ್ಡಸ. ನೀರು ಗಂಡಿಯಲ್ಲಿ

ಬೆಳಿಗ್ಗೆ ದೈವದ ಕಲ್ಲಿನೆದುರು ಗಂಡಿ ಹಂಚಿದರು. ಶಂಭುವಿನದ್ದು ಯಾವಾಗಲೂ ಕುದುರೆ ಗಂಡಿ. ಇವತ್ತು ಬೇಡ ಎಂದ. ನಾಲ್ಕನೆಯದರಲ್ಲಿ ಕೂರುತ್ತಾನಂತೆ. ಅಲ್ಲಿ ಕೋವಿ ಇಡುವ ಕ್ರಮ ಇಲ್ಲ ಧನಿಗಳೇ ಎಂದು ಹುಕ್ರಪ್ಪ ಕೈ ಮುಗಿದ. ಕೇಳಲಿಲ್ಲ. “ಭಾವ ಹುಡುಕಿದ ಗಂಡಿ. ಮಾಸ್ಟ್ರ ಗಂಡಿ ಅಂತಲೇ ಹೆಸರಿಡುವ” ಎಂದು ನನ್ನ ಬೆನ್ನು ತಟ್ಟಿದ. ಎಲ್ಲರೂ ನಕ್ಕರು.

ನನ್ನನ್ನು ಇಲ್ಲಿ ಒಬ್ಬ ಕೋವಿಯವನ ಹಿಂದೆ ಕೂರಿಸಿದ್ದಾರೆ. ಕೈಗೆ ಒಂದು ಕತ್ತಿ, ಬಡಿಯಲು ಒಂದು ಡಬ್ಬಿ. ಡೋಲು ತೋಡು ದಾಟಿ ಆಯಿತು. ಬೆಳಿಗ್ಗೆಯೂ ನನ್ನನ್ನು ಅವಳ ಹತ್ತಿರ ಬಿಡಲಿಲ್ಲ, ಬಾಗಿಲು ಕಾದವನು ಬೇಟೆಗೆ ಬಂದ ಮೇಲೆ ಅವಳು ಹೊರಟಿರುತ್ತಾಳೆ. ನಾನು ಹೇಳಿದ ಹಾಗೆ ಮಾಡುವವಳು ಅವಳು. ಕುದುರೆ ಗಂಡಿ ಇವತ್ತು ಖಾಲಿ ಬಿದ್ದಿದೆ, ಅತ್ತ ಹೋಗು ಎಂದು ಹೇಳಿ ಕಳಿಸಲು ಒಂದು ನರಪಿಳ್ಳೆ ಇಲ್ಲ.

ಜಾಗ ಬಿಟ್ಟರೆ ಈಡು. ಬಿಡಲಿ. ಹೊರಟೆ.

ಅದೇ ದಿನ. ಎರಡು ಕಲ್ಲಿನ ಹತ್ತಿರ

ಸುಮ್ಮನೆ ಕೂತರೆ ಎದ್ದು ಓಡಿಯೇನು ಎಂದು ಬರೆಯುತ್ತಿದ್ದೇನೆ. ಓಡಬಾರದು.

ಮೊಣಕೈ ಮೇಲೆ ತೆವಳಿ ಬಂದೆ, ಬರ್ಮಾದಲ್ಲಿ ಕಲಿತದ್ದು. ಶಂಭು ಎಡಗಲ್ಲಿನ ಹಿಂದೆ ಕೂತಿದ್ದ. ಕೆಳಗೆ ಕಾಂತಿ ಹತ್ತುತ್ತಿದ್ದಳು, ಸೀರೆ ಎತ್ತಿ ಕಟ್ಟಿ, ತಲೆ ತಗ್ಗಿಸಿ. ಅವನು ನೋಡಿದ. ಚೆನ್ನಾಗಿ ನೋಡಿದ. ಹೆಸರು ಹಿಡಿದು ಕರೆಯಬಹುದಿತ್ತು, ಗದರಿಸಬಹುದಿತ್ತು. ಸದ್ದಿಲ್ಲದೆ ಕೋವಿ ಎತ್ತಿ ಕಲ್ಲಿಗೆ ಒರಗಿಸಿ ಗುರಿ ಹಿಡಿದ. ಹಂದಿ ಎಂದುಕೊಂಡೆ ಎಂದು ನಾಳೆ ಅತ್ತರೆ ಊರು ನಂಬುತ್ತಿತ್ತು.

ಇದ್ದ ಸ್ವರವೆಲ್ಲ ಸೇರಿಸಿ ‘ಡೌನ್’ ಎಂದೆ.

ಬಿದ್ದಳು. ಬೋರಲು, ಕಲ್ಲೋ ಮುಳ್ಳೋ ನೋಡದೆ. ಈಡು ಅವಳ ಮೇಲಿಂದ ಹೋಗಿ ಮರಕ್ಕೆ ಹೊಡೆಯಿತು. ಒಂದೇ ನಳಿಗೆಯ ಕೋವಿ, ಮದ್ದು ಜಡಿಯಲು ಹೊತ್ತು ಬೇಕು. ಹೊತ್ತು ಕೊಡಲಿಲ್ಲ. ಕೋವಿ ತಿರುಗಿಸಿ ಬೀಸಿದ, ನನ್ನ ಎಡಭುಜದಲ್ಲಿ ಎಲುಬು ಮುರಿದದ್ದು ಕೇಳಿಸಿತು. ಕತ್ತಿ ಬಲಗೈಯಲ್ಲಿತ್ತು. ಕುತ್ತಿಗೆಗೆ ಒಂದು. ಕೂತ. ಭಾವಾ ಎಂದ. ಇನ್ನೊಂದು ಹಾಕಿದೆ. ಎರಡನೆಯದು ಬೇಕಿರಲಿಲ್ಲ. ಹಾಕಿದೆ. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ಆ ಖುಷಿ ನೆನೆದು ಈಗ ನನಗೇ ಹೇಸಿಗೆ.

ಅಷ್ಟರಲ್ಲಿ ನೆನಪಾಯಿತು — ನನ್ನ ಕೂಗು ಡೋಲಿನಲ್ಲಿ ಮುಳುಗಿತು, ಈಡಿನ ಸದ್ದು ಮಾತ್ರ ಎಲ್ಲರಿಗೂ ಕೇಳಿದೆ, ಕೂ ಹೋಗಿಲ್ಲ. ಸೋವಿನವರ ಡೋಲೂ ನಿಂತಿತ್ತು. ಕಲ್ಲಿನ ಮೇಲೆ ನಿಂತು ಕೂ ಹಾಕಿದೆ. ಶಂಭುವಿನ ಕೂ, ಉದ್ದಕ್ಕೆ, ಕೊನೆಗೆ ಎತ್ತಿ, ಪಟ್ಟನೆ ಕಡಿದು. ಡೋಲು ಪುನಃ ಸುರುವಾಯಿತು.

ಕಾಂತಿ ಹತ್ತಿ ಬಂದಳು. ಹಣೆಯಲ್ಲಿ ರಕ್ತ, ಬಿದ್ದ ಗಾಯ. ಅವನನ್ನು ನೋಡಿದಳು. ಗಂಡನ ಬಾಯಿಗೆ ಕೂತ ನೊಣವನ್ನು ಸೆರಗಿನಿಂದ ಓಡಿಸಿದಳು. ಯಾಕೆ ಓಡಿಸಿದಳೋ.

“ನೀನೂ ಬಾ ಅಣ್ಣ.”

“ಕೆಳಗಿನಿಂದ ಕೂಗಿದ್ರೆ ಓ ಹೇಳುವವರು ಯಾರು? ಓ ಬಾರದಿದ್ರೆ ನಾಯಿ ಸಮೇತ ಎಲ್ಲರೂ ಬರ್ತಾರೆ. ತಿರುವು ಮುಟ್ಟುವ ಮೊದಲೇ ಹಿಡೀತಾರೆ ನಿನ್ನನ್ನು. ನಡಿ.”

ನಡೆಯಲಿಲ್ಲ. ಸೊಂಟದಿಂದ ಬಾಳೆಎಲೆಯ ಪೊಟ್ಟಣ ತೆಗೆದು ನನ್ನ ಮಡಿಲಲ್ಲಿಟ್ಟಳು. ನನ್ನೇರಿ. ದಾರಿಗೆಂದು ಕಟ್ಟಿಕೊಂಡದ್ದು. ನಡಿ ಎಂದು ಗದರಿಸಿದೆ, ಕ್ವಿಕ್ ಮಾರ್ಚ್ ಎಂದೆ. ಆಗ ಹೋದಳು. ತಿರುಗಿ ನೋಡಿದಳೋ ಇಲ್ಲವೋ, ನಾನು ನೋಡಲಿಲ್ಲ.

ಹುಕ್ರಪ್ಪ ಒಂದು ಸಲ ಕೂಗಿದ. ಓ ಎಂದೆ. ಆಮೇಲೆ ಇನ್ನೊಮ್ಮೆ. ಓ ಎಂದೆ, ಶಂಭುವಿನದ್ದೇ ಸ್ವರದಲ್ಲಿ, ಅವನ ಪಕ್ಕದಲ್ಲೇ ಕೂತು. ಅವನ ನಾಯಿ ಬಂದು ಮೂಸಿ, ಕಾಲ ಬುಡದಲ್ಲಿ ಮಲಗಿದೆ. ನೆಲ ರಕ್ತ ಕುಡಿಯುತ್ತಿದೆ. ಮುಟ್ಟಾದ ಭೂಮಿಗೆ ಕಬ್ಬಿಣ ತಾಗಿಸಬಾರದ ದಿನ.

ಇಲ್ಲಿಂದಲೂ ಹೊಳೆ ಕಾಣುತ್ತದೆ. ಕುದುರೆ ಗಂಡಿಗಿಂತ ಇಲ್ಲಿಯ ನೋಟ ಚೆಂದ. ಆವತ್ತು ಗಮನಿಸಿರಲಿಲ್ಲ.

ಲಾರಿ. ಮೇಲೆ ಲಾರಿಯ ಸದ್ದು. ಎರಡು ಸಲ ಕ್ಲಚ್ ಒತ್ತಿ ಗೇರು ಬದಲಿಸುವುದು ಅಬ್ದುಲ್ ರಹಿಮಾನನೇ, ಕಂಪೆನಿಯಲ್ಲಿ ಕಲಿಸಿದ ಹಾಗೆ. ಸೆಕೆಂಡಿಗೆ ಹಾಕಿದ. ಹತ್ತುತ್ತಿದೆ. ಇನ್ನೊಂದು ತಿರುವು. ಈಗ ಕೇಳುವುದಿಲ್ಲ.

ಹೋದಳು.

ಕೊಂಬು ಊದಿದರು. ಇನ್ನು ಓಡಬಹುದು, ಆದರೆ ಓಡಬೇಕೆಂದು ಅನಿಸುವುದಿಲ್ಲ. ಹಂದಿ ಹೊರಲು ಕೋಲು, ಹಗ್ಗ ಹಿಡಿದು ಬರುತ್ತಿದ್ದಾರೆ. ನಗುತ್ತ ಬರುತ್ತಿದ್ದಾರೆ. ಮುಂದೆ ಹುಕ್ರಪ್ಪ, ಒರಗಿದ ಕಲ್ಲಿನ ಕೆಳಗೆ ನಿಂತು ಕೇಳುತ್ತಿದ್ದಾನೆ —

“ಏನು ಬಿತ್ತು ಧನಿಗಳೇ?”

ಇನ್ನು ಶಂಭುವಿನ ಸ್ವರ ಬೇಡ. ನನ್ನ ಸ್ವರದಲ್ಲೇ ಹೇಳುತ್ತೇನೆ.